ವಿಲೇವಾರಿ ಪಟ್ಟಿ

ಗೋಣಿಕೊಪ್ಪದಲ್ಲಿ ಟೈರ್ ಅಂಗಡಿಯ ಮಾಳಿಗೆ ನಮ್ಮ ಕಚೇರಿ.
ನಾನು ಅಲ್ಲಿ ಲೆಕ್ಕ ಬರೆಯುವವಳು.
ಸೋಮವಾರ ಬೆಳಗ್ಗೆ ಒಂದು ಮೇಲ್: ಕೆಲಸ ನಿಲ್ಲಿಸಿ.
ಎರಡನೆಯ ಸಾಲಿನಲ್ಲಿ ಕಾರಣ:
ನಮ್ಮ ದೇಶದ ಈಗಿನ ಹಿತಕ್ಕೆ ಇದು ಹೊಂದುತ್ತಿಲ್ಲ.
ಮೂರನೆಯದರಲ್ಲಿ ಧನ್ಯವಾದ.

ಅದೇ ಫೋನು, ಅದೇ ಗಳಿಗೆ,
ಕಾಫಿ ವ್ಯಾಪಾರಿಗಳ ಗುಂಪಿನಿಂದ ಇನ್ನೊಂದು:
ರೊಬಸ್ಟಾ ಚೆರಿ ಮೂಟೆಗೆ ಮುನ್ನೂರು ಏರಿದೆ.
ಎಲ್ಲೋ ಎರಡು ದೇಶ ಸುಂಕಕ್ಕಾಗಿ ಜಗಳವಾಡಿ
ಹಡಗೊಂದು ದಾರಿ ಬದಲಿಸಿತಂತೆ.
ಕೆಳಗೆ ಪೂಣಚ್ಚನವರು ಜೀಪಿಗೆ ನಾಲ್ಕೂ ಹೊಸ ಟೈರು ಹಾಕಿಸಿ
ಮೇಲಿನವರಿಗೂ ಇರಲಿ ಎಂದು ಜಿಲೇಬಿ ಕಳಿಸಿದರು.
ತಿಂದೆ. ಬಿಸಿ ಇತ್ತು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ನಮ್ಮ ಕಣದಲ್ಲಿ ಇದ್ದದ್ದು ಕಾಳಲ್ಲ,
ನಲವತ್ತೊಂದು ಸೀಸೆ ರಕ್ತ.
ತಿತಿಮತಿ, ಬಾಳೆಲೆ, ಮಾಲ್ದಾರೆಯ ಲೈನ್ ಮನೆಗಳಿಂದ
ಬೆಳಗಿನ ಹಾಜರಿಗೆ ಮುಂಚೆ ಓಡಾಡಿ ತಂದದ್ದು,
ಕುಡುಗೋಲಿನಂತೆ ಬಾಗಿದ ಕಣ ಯಾರ ಮೈಯಲ್ಲಿದೆ ಎಂದು ನೋಡಲು.
ನೋಡುವ ದ್ರಾವಣ ಮಂಗಳೂರು ಬಂದರಿನಲ್ಲಿ ನಿಂತಿದೆ,
ಬಿಡಿಸಿಕೊಳ್ಳಲು ಸಹಿ ಹಾಕಬೇಕಾದವರಿಗೆ ಈಗ ಕೆಲಸವಿಲ್ಲ.

ಆಸ್ತಿಗಳ ಮೇಲಿನ ಗುರುತು ಅಳಿಸಿ ಎಂದೂ ಬರೆದಿದ್ದರು.
ಸೈದಲವಿ ಸೀಮೆಎಣ್ಣೆ ಹಚ್ಚಿ, ಹಳೆಯ ಬ್ಲೇಡಿನಿಂದ
ಫ್ರಿಜ್ಜಿನ ಚೀಟಿ ಕೆರೆದ.
ದೇಶದ ಹೆಸರು ಸಲೀಸಾಗಿ ಬಂತು.
'ಜನರಿಂದ' ಅನ್ನುವ ಪದ ಮಾತ್ರ ಬರಲಿಲ್ಲ.
ಬಿಡು, ಅಂದೆ. ಕೈ ಕುಯ್ದುಕೊಂಡಿದ್ದ.

ಕರಿಚಿಯ ಮನೆಗೆ ಹೇಳಲು ಹೋದೆವು.
'ಹಿತಾಸಕ್ತಿ' ಎಂಬುದನ್ನು ಹೇಗೆ ಹೇಳಲಿ?
ಕಾರ್ಯಾಗಾರಗಳಲ್ಲಿ ನಾನೇ ಕನ್ನಡಿಸುತ್ತಿದ್ದೆ
ಸಹಭಾಗಿತ್ವ, ಸಬಲೀಕರಣ, ಸುಸ್ಥಿರತೆ,
ಎಲ್ಲವೂ 'ಸ'ದಿಂದಲೇ ಶುರುವಾಗುತ್ತವೆ ಎಂದು ಒಮ್ಮೆ ನಕ್ಕಿದ್ದೆವು.
ಅವಳು ಕೇಳಿಸಿಕೊಂಡಳು, ಮೊರದಿಂದ ಕಣ್ಣೆತ್ತದೆ:
"ಚುಚ್ಚುವಾಗ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ್ರಿ.
ನಿಲ್ಲಿಸುವಾಗ ಯಾರ ಹೆಬ್ಬೆಟ್ಟು?"

ಮೊರದ ಪಕ್ಕ ಅಕ್ಕಿ ಅಳೆಯುವ ತಗಡಿನ ಡಬ್ಬ.
ತುಕ್ಕಿನ ನಡುವೆ ಎರಡು ಕೈ, ಒಂದನ್ನೊಂದು ಹಿಡಿದು.
ಅವಳ ಅತ್ತೆಯ ಕಾಲದಲ್ಲಿ ಹಾಲಿನ ಪುಡಿ ಬರುತ್ತಿತ್ತಂತೆ,
ಯಾವ ದೇಶದ್ದೋ; ಆಗ ಅವರಿಗೆ ಇನ್ಯಾರ ಮೇಲೋ ಸಿಟ್ಟಿತ್ತಂತೆ,
ಆ ಸಿಟ್ಟು ಇಳಿದದ್ದೇ ಪುಡಿಯೂ ನಿಂತಿತು.
"ಡಬ್ಬ ಉಳೀತು," ಅಂದಳು. "ನೀವೇನು ಉಳಿಸಿ ಹೋಗ್ತೀರಿ?"

ಮಾರನೆಯ ದಿನ ಸೈದಲವಿ, ಯಾರನ್ನೂ ಕೇಳದೆ,
ತನ್ನ ಡೀಸೆಲ್ಲಿನಲ್ಲಿ ವ್ಯಾನು ಹೊರಡಿಸಿದ.
ಮಡಿಕೇರಿಯ ತಿರುವುಗಳಲ್ಲಿ ಐಸ್ ಪೆಟ್ಟಿಗೆ
ನನ್ನ ತೊಡೆಯ ಮೇಲೆ ಮಗುವಿನಂತೆ ಅಲ್ಲಾಡಿತು.
ಆಸ್ಪತ್ರೆಯ ಪ್ರಯೋಗಾಲಯದ ಹುಡುಗಿ ಪೆಟ್ಟಿಗೆ ನೋಡಿದಳು,
ಕಪಾಟು ನೋಡಿದಳು,
"ನನ್ನ ಹತ್ತಿರ ಒಂಬತ್ತಕ್ಕಾಗುವಷ್ಟಿದೆ ಮೇಡಂ.
ಮೇಲಿಂದ ಮೊದಲ ಒಂಬತ್ತು ಕೊಡಿ."

ಕೊನೆಯ ವರದಿಯಲ್ಲಿ ಒಂದು ಕಾಲಂ: ಫಲಾನುಭವಿಗಳ ಅಭಿಪ್ರಾಯ.
ಹೆಬ್ಬೆಟ್ಟಿನ ಮಾತನ್ನು ಅದರಲ್ಲಿ ಕನ್ನಡದಲ್ಲೇ ಬರೆದು ಕಳಿಸಿದೆ.
ಅರ್ಧ ನಿಮಿಷದಲ್ಲಿ ವಾಪಸು ಬಂತು:
ಈ ವಿಳಾಸ ಈಗ ಇಲ್ಲ.

ಮೇಜು ಎರಡು, ಕುರ್ಚಿ ಏಳು, ಫ್ರಿಜ್ಜು ಒಂದು.
ಸೀಸೆ: ಪರೀಕ್ಷಿಸಿದ್ದು ಒಂಬತ್ತು, ಸುಟ್ಟದ್ದು ಮೂವತ್ತೆರಡು.
ಮೊನ್ನೆ ಬೇರೆ ದೇಶದ ಇಬ್ಬರು ಬಂದು
ಕೋಣೆಯ ಬಾಡಿಗೆ ವಿಚಾರಿಸಿ ಹೋದರು. ಅವರದ್ದು ಸೇತುವೆಯಂತೆ.

ಸೀಸೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದವಳು ನಾನು,
ಊರಿನ ಕ್ರಮದಲ್ಲಿ, ಯಾವುದನ್ನೂ ಯೋಚಿಸದೆ.
ಹತ್ತನೆಯದು ಕರಿಚಿಯ ಮಗಳು ಮಿನಿಯದ್ದು.
ಶುಕ್ರವಾರ ಸಂತೆಯಲ್ಲಿ ಸಿಕ್ಕರೆ ಕೇಳುತ್ತಾಳೆ.
ಎರಡು ವಾರದಿಂದ ನಾನು
ತರಕಾರಿಗೆ ಪೊನ್ನಂಪೇಟೆಗೆ ಹೋಗುತ್ತಿದ್ದೇನೆ.